ಹಡಗಿನ ಗೇಟಲ್ಲಿ ನಿಂತಿರೋರು

(1/9)

ಫೋಟೋದಲ್ಲಿರೋದು ಒಂದು ಇನ್‌ವಾಯ್ಸ್. ಹೆಸರು, ನಂಬರ್, ಮೊತ್ತ ಎಲ್ಲಕ್ಕೂ ಕಪ್ಪು ಬಳಿದಿದ್ದೀನಿ, ಝೂಮ್ ಮಾಡಿ ಸುಸ್ತಾಗ್ಬೇಡಿ.

ಹೋದ ಸೆಮ್ ರಜೆಯಲ್ಲಿ ಏರ್‌ಪೋರ್ಟ್ ರೋಡಲ್ಲಿರೋ ಒಂದು ಫ್ರೈಟ್ ಫಾರ್ವರ್ಡಿಂಗ್ ಆಫೀಸಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಹುಣಸಮಾರನಹಳ್ಳಿಯಿಂದ ಬಸ್ಸಲ್ಲಿ ಕಾಲು ಗಂಟೆ. ಸಮುದ್ರ ಇರೋದು ಮುನ್ನೂರೈವತ್ತು ಕಿಲೋಮೀಟರ್ ಆಚೆ, ಆದ್ರೂ ಹಡಗಿನ ಬಿಲ್‌ಗಳು ಬರೋದು ನಮ್ಮ ಬಳ್ಳಾರಿ ರಸ್ತೆಗೆ. ನನ್ನ ಕೆಲಸ ಆ ಬಿಲ್‌ಗಳನ್ನ ಎಕ್ಸೆಲ್‌ಗೆ ತುಂಬೋದು. ಓಷನ್ ಫ್ರೈಟ್, ಟರ್ಮಿನಲ್ ಹ್ಯಾಂಡ್ಲಿಂಗ್, ಡಾಕ್ಯುಮೆಂಟ್ ಚಾರ್ಜ್, ಸೀಲ್ ಚಾರ್ಜ್. ಅದರ ಕೆಳಗೆ ಒಂದು ಸಣ್ಣ ಲೈನ್: ಐಎಸ್‌ಪಿಎಸ್. ಲಕ್ಷದ ಮೇಲಿನ ಬಿಲ್ಲಲ್ಲಿ ಅದು ಒಂದು ಊಟದ ಖರ್ಚಿನಷ್ಟೂ ಇಲ್ಲ.

"ಸರ್, ಇದೇನು?" ಅಂತ ಕೇಳ್ದೆ.

"ಅದು ಯಾವಾಗ್ಲೂ ಬರತ್ತಮ್ಮಾ, ಹಾಕ್ಬಿಡು."

ಪಕ್ಕದ ಟೇಬಲ್ ಮೇಡಂಗೂ ಗೊತ್ತಿಲ್ಲ. ಆರು ವಾರ ದಿನಾ ಆ ಲೈನ್ ಟೈಪ್ ಮಾಡಿದ್ದೀನಿ, ಒಬ್ರೂ ಅದೇನು ಅಂತ ಹೇಳ್ಲಿಲ್ಲ. ಕೊನೆಗೆ ಹೇಳಿದ್ದು ನಮ್ಮ ದೊಡ್ಡಪ್ಪನ ಮಗ. ಅವನು ಸರಕು ಹಡಗಲ್ಲಿ ಕೆಲಸ ಮಾಡ್ತಾನೆ. "ಅದಾ? ಅದು ನಾನೇ ಕಣೇ," ಅಂದ.

ಈ ಸೀರೀಸ್ ಪೂರ್ತಿ ಆ ಒಂದು ಲೈನಿನ ಬಗ್ಗೆ. ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

(2/9)

ಮೊದ್ಲು ರೂಲ್ ಏನು ಅಂತ ಹೇಳ್ಬಿಡ್ತೀನಿ, ಬೋರ್ ಆದ್ರೆ ಮೂರನೇ ಭಾಗಕ್ಕೆ ಹಾರಿ.

ಐಎಸ್‌ಪಿಎಸ್ ಕೋಡ್ ಅಂದ್ರೆ ಹಡಗುಗಳಿಗೂ ಬಂದರುಗಳಿಗೂ ಇರೋ ಅಂತರರಾಷ್ಟ್ರೀಯ ಭದ್ರತಾ ನಿಯಮಗಳು. ಅಮೆರಿಕದ ಅವಳಿ ಗೋಪುರ ಬಿದ್ದಿದ್ದು 2001ರ ಸೆಪ್ಟೆಂಬರ್‌ನಲ್ಲಿ. ವಿಮಾನವನ್ನ ಆಯುಧ ಮಾಡಬಹುದು ಅಂದ್ರೆ ತೈಲ ತುಂಬಿದ ಹಡಗನ್ನ ಮಾಡೋಕಾಗಲ್ವಾ ಅನ್ನೋ ಭಯ ಎಲ್ಲ ದೇಶಗಳಿಗೂ ಬಂತು. 2002ರ ಅಕ್ಟೋಬರಲ್ಲಿ ಯೆಮೆನ್ ಹತ್ರ ಲಿಂಬರ್ಗ್ ಅನ್ನೋ ತೈಲ ಹಡಗಿಗೆ ಸ್ಫೋಟಕ ತುಂಬಿದ ದೋಣಿ ಗುದ್ದಿದ ಮೇಲೆ ಆ ಭಯ ಕಲ್ಪನೆಯಾಗಿ ಉಳೀಲಿಲ್ಲ. ಅದೇ ಡಿಸೆಂಬರಲ್ಲಿ ಲಂಡನ್‌ನಲ್ಲಿ ಕೋಡ್ ಒಪ್ಕೊಂಡ್ರು, 2004ರ ಜುಲೈ 1ರಿಂದ ಜಾರಿ. ಭಾರತದಲ್ಲಿ ಇದನ್ನ ನೋಡ್ಕೊಳ್ಳೋದು ಮುಂಬೈಯಲ್ಲಿರೋ ಡಿಜಿ ಶಿಪ್ಪಿಂಗ್.

ದೇಶದಿಂದ ದೇಶಕ್ಕೆ ಹೋಗೋ ಪ್ರಯಾಣಿಕ ಹಡಗುಗಳಿಗೂ, 500 ಟನ್ನೇಜ್ ಮೇಲಿನ ಸರಕು ಹಡಗುಗಳಿಗೂ, ಅವು ಬಂದು ನಿಲ್ಲೋ ಬಂದರುಗಳಿಗೂ ಇದು ಕಡ್ಡಾಯ. ಪ್ರತಿ ಹಡಗಲ್ಲಿ ಒಬ್ಬ ಸೆಕ್ಯುರಿಟಿ ಆಫೀಸರ್, ಕಂಪನೀಲಿ ಒಬ್ಬ, ಬಂದರಲ್ಲಿ ಒಬ್ಬ. ಹಡಗಿಗೊಂದು ಗುಟ್ಟಿನ ಭದ್ರತಾ ಪ್ಲಾನ್. ಮೂರು ಲೆವೆಲ್: ಒಂದು ಅಂದ್ರೆ ಮಾಮೂಲಿ ದಿನ, ಎರಡು ಅಂದ್ರೆ ಹುಷಾರು, ಮೂರು ಅಂದ್ರೆ ಏನೋ ಆಗೇ ಆಗತ್ತೆ ಅನ್ನೋ ಸ್ಥಿತಿ. ಬಂದರು ಎರಡರಲ್ಲಿದ್ರೆ ಹಡಗು ಒಂದರಲ್ಲಿ ಇರೋ ಹಾಗಿಲ್ಲ. ಮೂರು ತಿಂಗಳಿಗೊಮ್ಮೆ ಡ್ರಿಲ್ ಮಾಡ್ಬೇಕು. ಜೊತೆಗೆ ಒಂದು ಗುಪ್ತ ಬಟನ್ ಇರತ್ತೆ, ಒತ್ತಿದ್ರೆ ಹಡಗಲ್ಲಿ ಯಾವ ಸದ್ದೂ ಬರಲ್ಲ, ದಡದಲ್ಲಿರೋರಿಗೆ ಮಾತ್ರ ಸುದ್ದಿ ಹೋಗತ್ತೆ. ಇದು ನಂಗೆ ತುಂಬಾ ಇಷ್ಟ ಆಯ್ತು, ಸಿನಿಮಾ ಥರ.

ಇದಕ್ಕೆಲ್ಲ ಆಗೋ ಖರ್ಚಿನ ಒಂದು ಪಾಲು ಸುತ್ತಿ ಸುತ್ತಿ ನಮ್ಮ ಇನ್‌ವಾಯ್ಸಿನ ಆ ಲೈನಲ್ಲಿ ಬಂದು ಕೂರತ್ತೆ.

(3/9)

ಈಗ ಅಣ್ಣನ ವಿಷಯ. ಫೋಟೋ ಅವನು ಕಳಿಸಿದ್ದು. ಮುಖ ಇಲ್ಲ, ಶೂ ಮಾತ್ರ.

ಹಡಗು ಬಂದರಲ್ಲಿ ನಿಂತಾಗ ದಡದಿಂದ ಹತ್ತೋಕೆ ಒಂದು ಏಣಿ ಇಳಿಸ್ತಾರೆ, ಗ್ಯಾಂಗ್‌ವೇ ಅಂತಾರೆ. ಅದರ ಮೇಲ್ತುದಿಯಲ್ಲಿ ಒಬ್ಬ ನಿಂತಿರ್ತಾನೆ. ಕೈಯಲ್ಲಿ ವಾಕಿಟಾಕಿ, ಪಕ್ಕದಲ್ಲಿ ಒಂದು ಪುಸ್ತಕ, ಒಂದಷ್ಟು ವಿಸಿಟರ್ ಪಾಸ್. ಹತ್ತಿ ಬರೋ ಪ್ರತಿಯೊಬ್ರ ಗುರುತಿನ ಚೀಟಿ ನೋಡ್ಬೇಕು, ಯಾಕೆ ಬಂದ್ರಿ ಅಂತ ಕೇಳ್ಬೇಕು, ಬರ್ಕೋಬೇಕು, ಬೇಕಾದ್ರೆ ಬ್ಯಾಗ್ ತೆಗೆಸ್ಬೇಕು. ಅಷ್ಟು ಪುಟದ ಕೋಡ್, ಲಂಡನ್ ಸಭೆ, ಮುಂಬೈ ಸುತ್ತೋಲೆ ಎಲ್ಲಾ ಕೊನೆಗೆ ಬಂದು ನಿಲ್ಲೋದು ಇವನ ಹತ್ರ. ಅವನು ಹಡಗಿನ ಸಂಬಳದ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಕೊನೇ ಸಾಲಿನೋನು.

ಅಣ್ಣ ಹೇಳೋದು ಹೀಗೆ. ಬಂದರಿಗೆ ಬಂದ ಮೊದಲ ಎರಡು ಗಂಟೆ ಅಂದ್ರೆ ಜಾತ್ರೆ. ಏಜೆಂಟ್, ಕಸ್ಟಮ್ಸ್, ಇಮಿಗ್ರೇಷನ್, ಸರ್ವೇಯರ್, ಅಕ್ಕಿ ಬೇಳೆ ತರೋನು, ಎಂಜಿನ್ ರಿಪೇರಿಯವರು, ಸಿಮ್ ಕಾರ್ಡ್ ಮಾರೋನು. ಎಲ್ರಿಗೂ ಅರ್ಜೆಂಟು. ಇವನು ಐಡಿ ಕೇಳಿದ್ರೆ ಕೆಲವರು ಕಾರ್ಡ್ ತೋರಿಸ್ತಾರೆ, ಕೆಲವರು ಕೈ ಬೀಸ್ಕೊಂಡು ಒಳಗೆ ಹೋಗ್ತಾರೆ. ಒಂದ್ಸಲ ಒಂದು ಊರಲ್ಲಿ ದೊಡ್ಡ ಮನುಷ್ಯನ ಥರ ಇದ್ದೋರನ್ನ ತಡೆದ. ಅವರು ಸೀದಾ ಕ್ಯಾಪ್ಟನ್‌ಗೆ ಫೋನ್ ಮಾಡಿದ್ರು. ಬೈಸ್ಕೊಂಡಿದ್ದು ಇವನು. ಮುಂದಿನ ಸಲ ಅಂಥೋರು ಬಂದಾಗ ಏನ್ಮಾಡ್ದೆ ಅಂತ ಕೇಳ್ದೆ.

"ಗುಡ್ ಮಾರ್ನಿಂಗ್ ಸರ್ ಅಂದೆ."

ರೆಸ್ಟ್ ಅವರ್ಸ್ ಅಂತ ಇನ್ನೊಂದು ರೂಲ್ ಇದೆ. 24 ಗಂಟೇಲಿ ಕನಿಷ್ಠ 10 ಗಂಟೆ, ವಾರಕ್ಕೆ ಕನಿಷ್ಠ 77 ಗಂಟೆ ವಿಶ್ರಾಂತಿ ಸಿಗ್ಬೇಕು. ಚೆನ್ನಾಗಿದೆ. ಆದ್ರೆ ಬಂದರಲ್ಲಿ ಕೆಲಸ ಡಬಲ್ ಆಗತ್ತೆ, ಜನ ಅಷ್ಟೇ ಇರ್ತಾರೆ. ಸರಕು ಇಳಿಸೋದೂ ಇವರೇ ನೋಡ್ಕೋಬೇಕು, ಹಗ್ಗ ಬಿಗಿ ಮಾಡೋದೂ ಇವರೇ, ಏಣಿ ಕಾಯೋದೂ ಇವರೇ. ಹಾಗಾಗಿ ಹಿಂದೆ ಅವನಿದ್ದ ಒಂದು ಹಡಗಲ್ಲಿ ನಿದ್ದೆ ಅನ್ನೋದು ಮೊದ್ಲು ಕಾಗದದ ಮೇಲೆ ಆಗ್ತಿತ್ತು. ಡ್ರಿಲ್ ಕೂಡ ಹಾಗೇ. ಎಲ್ರೂ ಸಾಲಾಗಿ ನಿಂತು ಫೋಟೋ, ಸಹಿ, ಮುಗೀತು. ಫೋಟೋದಲ್ಲಿ ಬಾಂಬ್ ಅಂತ ಇಟ್ಟಿದ್ದು ಅಡುಗೆಮನೆಯ ಖಾಲಿ ಬಿಸ್ಕತ್ ಡಬ್ಬ.

ಎಲ್ಲಾ ಹಡಗೂ ಹೀಗಲ್ಲ. ಈಗಿರೋ ಹಡಗಲ್ಲಿ ಚೀಫ್ ಆಫೀಸರ್ ತಾನೇ ಮಾರುವೇಷದಲ್ಲಿ ಹತ್ತಿ ಬಂದು ಟೆಸ್ಟ್ ಮಾಡ್ತಾರಂತೆ. ಅಣ್ಣ ಒಂದ್ಸಲ ಹಿಡಿದಿದ್ದಕ್ಕೆ ಐಸ್‌ಕ್ರೀಮ್ ಸಿಕ್ತು.

(4/9)

ಇದನ್ನೆಲ್ಲ ಕೇಳ್ತಾ ನಂಗೆ ನೆನಪಾಗಿದ್ದು ನಮ್ಮಪ್ಪ.

ಅಪ್ಪ ಬಾಗಲೂರು ಕ್ರಾಸ್ ಕಡೆ ಒಂದು ಅಪಾರ್ಟ್‌ಮೆಂಟಲ್ಲಿ ನೈಟ್ ಸೆಕ್ಯುರಿಟಿ. ಅಲ್ಲೂ ಪುಸ್ತಕ ಇದೆ, ಈಗ ಫೋನಲ್ಲಿ ಆ್ಯಪೂ ಇದೆ. ಡೆಲಿವರಿ ಹುಡುಗನನ್ನ ನಿಲ್ಲಿಸಿ ನಂಬರ್ ಬರೆಸ್ಬೇಕು. ದೊಡ್ಡ ಕಾರಲ್ಲಿ ಬಂದ ಗೆಸ್ಟನ್ನ ನಿಲ್ಲಿಸಿದ್ರೆ "ನಾನ್ಯಾರು ಗೊತ್ತಾ?" ನಿಲ್ಲಿಸ್ದೆ ಬಿಟ್ರೆ, ಮಾರನೇ ದಿನ ಯಾರದ್ದೋ ಸೈಕಲ್ ಕಳೆದ್ರೆ "ಏನ್ರೀ ಕಾಯ್ತಿದ್ರಿ?" ಎರಡೂ ಕಡೆ ಬೈಗುಳ ಅಪ್ಪನಿಗೇ. ಹೋದ ವರ್ಷ ಒಬ್ಬ ಡೆಲಿವರಿ ಹುಡುಗ ಹೇಳ್ದ: "ಅಂಕಲ್, ನೀವು ನಿಲ್ಸೋದು ನಮ್ಮನ್ನ ಮಾತ್ರ." ಅಪ್ಪ ಅದನ್ನ ಮನೇಲಿ ಹೇಳಿ ಸ್ವಲ್ಪ ಹೊತ್ತು ಸುಮ್ನಿದ್ರು. ನಿಜ ಅಂತ ಅವರಿಗೂ ಗೊತ್ತಿತ್ತು.

ನಮ್ಮೂರಿನೋರಿಗೆ ರಕ್ಷಣೆ ಅನ್ನೋ ಹೆಸರಲ್ಲಿ ರೂಲ್ ಪಾಲಿಸೋದು ಹೊಸದೇನಲ್ಲ. ಈ ಕಡೆ ಯಲಹಂಕ ಏರ್‌ಫೋರ್ಸ್ ಸ್ಟೇಷನ್, ಆ ಕಡೆ ಕೆಂಪೇಗೌಡ ಏರ್‌ಪೋರ್ಟ್, ಮಧ್ಯೆ ನಾವು. 2025ರ ಏರೋ ಇಂಡಿಯಾಗೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ಏರ್‌ಫೋರ್ಸ್ ಸ್ಟೇಷನ್ ಸುತ್ತ 13 ಕಿ.ಮೀ. ಒಳಗೆ ಮಾಂಸದಂಗಡಿ, ನಾನ್‌ವೆಜ್ ಹೋಟೆಲ್ ಬಂದ್ ಅಂತ ಬಿಬಿಎಂಪಿ ಆದೇಶ. ಕಾರಣ ಸರಿಯಾಗೇ ಇದೆ. ಮಾಂಸದ ತ್ಯಾಜ್ಯಕ್ಕೆ ಹದ್ದು ಬರತ್ತೆ, ಹದ್ದು ವಿಮಾನಕ್ಕೆ ಬಡಿಯತ್ತೆ. ನಾನು ಆ ರೂಲ್ ಬೇಡ ಅಂತಿಲ್ಲ. ಆದ್ರೆ ಶೋ ನೋಡೋಕೆ ಬಂದೋರ ಖುಷಿಗೆ ಮೂರು ವಾರಕ್ಕೂ ಹೆಚ್ಚು ದಿನದ ವ್ಯಾಪಾರ ಬಿಟ್ಟ ಮಟನ್ ಅಂಗಡಿಯೋರ ಹೆಸರು ಯಾವ ಭಾಷಣದಲ್ಲಿ ಬಂತು?

ನನ್ನ ವಾದ ಇಷ್ಟೇ. ಭದ್ರತೆಯ ರೂಲ್ ಮಾಡೋರು ಮೇಲಿರ್ತಾರೆ, ಜಾರಿ ಮಾಡೋ ಭಾರ ಕೆಳಗೆ ಬೀಳತ್ತೆ. ಭಾರದ ಜೊತೆ ಅಧಿಕಾರ ಮಾತ್ರ ಇಳಿದು ಬರಲ್ಲ. ಅಲ್ಲೀವರೆಗೂ ಆ ರೂಲ್ ಅರ್ಧ ಜಾರಿಯಾದಂಗೆ.

(5/9)

"ಅಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಮಾತಾ?" ಅಂತ ನನ್ನ ಬೆಂಚ್‌ಮೇಟ್ ಕೇಳಿದ್ಲು. ಅವಳಿಗೆ ಬೇಲೆಕೇರಿ ಕಥೆ ಹೇಳ್ದೆ.

ಇದು ಭಯೋತ್ಪಾದನೆ ಕಥೆ ಅಲ್ಲ, ಐಎಸ್‌ಪಿಎಸ್ ಕೇಸೂ ಅಲ್ಲ. ಆದ್ರೆ ಬಂದರಿನ ಗೇಟಿನ ಕಥೆ, ನಮ್ಮ ರಾಜ್ಯದ್ದೇ. ಬೇಲೆಕೇರಿ ಇರೋದು ಉತ್ತರ ಕನ್ನಡದ ಅಂಕೋಲಾ ಹತ್ರ. ಬಳ್ಳಾರಿ ಗಣಿಯ ಕಬ್ಬಿಣದ ಅದಿರು ಲಾರಿಗಳಲ್ಲಿ ಅಲ್ಲಿಗೆ ಬಂದು ಚೀನಾ ಕಡೆ ಹೋಗ್ತಿದ್ದ ಕಾಲ. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಲಕ್ಷಗಟ್ಟಲೆ ಟನ್ ಅದಿರನ್ನ ಅಕ್ರಮ ಅಂತ ಜಪ್ತಿ ಮಾಡ್ತು. ಅಷ್ಟು ಅದಿರನ್ನ ಎತ್ಕೊಂಡು ಹೋಗೋಕಾಗತ್ತಾ? ಬಂದರಲ್ಲೇ ಬಿಟ್ರು. ಕೆಲವೇ ತಿಂಗಳಲ್ಲಿ ನೋಡಿದ್ರೆ ಅದರ ದೊಡ್ಡ ಭಾಗ ಮಾಯ. ಜಪ್ತಿಯಾದ ಮಾಲು ಹಡಗಿಗೆ ಲೋಡ್ ಆಗಿ ಸಮುದ್ರ ದಾಟಿತ್ತು.

ಸ್ವಲ್ಪ ಯೋಚಿಸಿ. ಇದು ಜೇಬಲ್ಲಿ ಇಟ್ಕೊಂಡು ಹೋಗೋ ಚಿನ್ನದ ಬಿಸ್ಕತ್ ಅಲ್ಲ. ಜೆಸಿಬಿ ಬೇಕು, ಲಾರಿ ಬೇಕು, ಕ್ರೇನ್ ಬೇಕು, ದೋಣಿ ಬೇಕು, ಹಡಗು ಬೇಕು, ಪ್ರತಿಯೊಂದಕ್ಕೂ ಕಾಗದ ಬೇಕು. ಒಂದು ಗುಡ್ಡ ಗೇಟಿನಿಂದ ಎದ್ದು ಹೋಯ್ತು.

ಇದನ್ನ ಹಿಡಿದಿದ್ದು ಕಾರವಾರದ ಒಬ್ಬ ಅರಣ್ಯಾಧಿಕಾರಿ. ಅವರಿಗೆ ಸಿಕ್ಕಿದ್ದು ಏನು? ಅಮಾನತು. ಅದನ್ನ ಪ್ರತಿಭಟಿಸಿ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2010ರ ಜೂನಲ್ಲಿ ರಾಜೀನಾಮೆಯನ್ನೇ ಕೊಟ್ರು, ಆಮೇಲೆ ವಾಪಸ್ ತಗೊಂಡ್ರು. ಮುಂದಿನ ವರ್ಷ ಅವರ ಗಣಿ ವರದಿ ಬಂತು, ಮುಖ್ಯಮಂತ್ರಿ ಕುರ್ಚಿನೇ ಅಲ್ಲಾಡ್ತು. ಬೇಲೆಕೇರಿ ಕೇಸುಗಳಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದು 2024ರ ಅಕ್ಟೋಬರಲ್ಲಿ, ಹದಿನಾಲ್ಕು ವರ್ಷ ಆದ್ಮೇಲೆ. ಮುಂದಿನ ತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನ ಅಮಾನತಲ್ಲಿಟ್ಟು ಮೇಲ್ಮನವಿ ತಗೊಳ್ತು.

ಒಬ್ಬ ಹಿರಿಯ ಅಧಿಕಾರಿಗೇ "ನಿಲ್ಲಿ" ಅಂದಿದ್ದಕ್ಕೆ ಹೀಗಾದ್ರೆ, ಏಣಿ ಮೇಲೆ ನಿಂತ ನಮ್ಮಣ್ಣ "ಗುಡ್ ಮಾರ್ನಿಂಗ್ ಸರ್" ಅನ್ನದೆ ಇನ್ನೇನನ್ನಲಿ?

(6/9)

ಫೋಟೋ: ಪಣಂಬೂರು ಬೀಚ್, ಕ್ಲಾಸ್ ಟ್ರಿಪ್. ಹಿಂದೆ ಗೆರೆ ಥರ ಕಾಣ್ತಿರೋದು ಹಡಗುಗಳು, ನವಮಂಗಳೂರು ಬಂದರಿಗೆ ಪಾಳಿ ಕಾಯ್ತಿರೋವು. ಮುಂದೆ ಕಾಣ್ತಿರೋದು ನಮ್ಮ ಕ್ಲಾಸಿನ ಚುರುಮುರಿ ಗ್ಯಾಂಗ್.

ಇಲ್ಲೀವರೆಗೆ ಓದಿದೋರು "ಹಾಗಾದ್ರೆ ರೂಲ್ ವೇಸ್ಟಾ?" ಅಂತೀರಿ. ಅಲ್ಲ.

2024ರ ಜನವರಿ 4ರ ಸಂಜೆ ಸೊಮಾಲಿಯಾ ಆಚೆಗಿನ ಸಮುದ್ರದಲ್ಲಿ ಲೀಲಾ ನಾರ್ಫೋಕ್ ಅನ್ನೋ ಹಡಗಿಗೆ ಬಂದೂಕು ಹಿಡಿದೋರು ಹತ್ತಿದ್ರು. ಹಡಗಲ್ಲಿ 21 ಜನ, ಅದರಲ್ಲಿ 15 ಜನ ನಮ್ಮ ದೇಶದವರು. ಅವರು ಹೀರೋಗಿರಿ ಮಾಡ್ಲಿಲ್ಲ. ಸುದ್ದಿ ಕಳಿಸಿ, ಸಿಟಾಡೆಲ್ ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಸಿಟಾಡೆಲ್ ಅಂದ್ರೆ ಹಡಗಿನೊಳಗೆ ಮೊದ್ಲೇ ಗಟ್ಟಿ ಮಾಡಿಟ್ಟಿರೋ ಅಡಗುದಾಣ, ಕೋಟೆಯೊಳಗಿನ ಕೋಟೆ. ಮಾರನೇ ದಿನ ನೌಕಾಪಡೆಯ ಐಎನ್‌ಎಸ್ ಚೆನ್ನೈ ಬಂತು, ಮಾರ್ಕೋಸ್ ಕಮಾಂಡೋಗಳು ಹತ್ತಿ ಹುಡುಕಿದ್ರು. ದರೋಡೆಕೋರರು ಓಡಿಹೋಗಿದ್ರು. 21 ಜನರೂ ಕ್ಷೇಮ. ಆ ಕತ್ತಲಲ್ಲಿ ಎಲ್ಲಿಗೆ ಓಡ್ಬೇಕು, ಯಾರು ಬಾಗಿಲು ಹಾಕ್ಬೇಕು ಅಂತ ಮೊದ್ಲೇ ಗೊತ್ತಿಲ್ದಿದ್ರೆ ಅದಾಗ್ತಿರ್ಲಿಲ್ಲ. ಬಿಸ್ಕತ್ ಡಬ್ಬದ ಡ್ರಿಲ್ ಮಾಡೋರು ಇದನ್ನ ನೆನಪಿಟ್ಕೋಬೇಕು.

ರೂಲ್ ತಡೆಯೋಕಾಗದ್ದೂ ಇದೆ. ಅದಕ್ಕೆ ಎರಡು ವಾರ ಮುಂಚೆ, 2023ರ ಡಿಸೆಂಬರ್ 23ಕ್ಕೆ, ಸೌದಿಯಿಂದ ಕಚ್ಚಾತೈಲ ತುಂಬ್ಕೊಂಡು ಇದೇ ಮಂಗಳೂರಿಗೆ ಬರ್ತಿದ್ದ ಕೆಮ್ ಪ್ಲೂಟೊ ಹಡಗಿಗೆ ಗುಜರಾತ್ ಆಚೆಗಿನ ಸಮುದ್ರದಲ್ಲಿ ಡ್ರೋನ್ ಬಡಿದು ಬೆಂಕಿ ಹತ್ತಿತು. ಇದ್ದ 21 ಜನರಲ್ಲಿ 20 ಜನ ಭಾರತೀಯರು. ಬೆಂಕಿ ಆರಿಸ್ಕೊಂಡ್ರು, ಯಾರಿಗೂ ಏನಾಗ್ಲಿಲ್ಲ. ಕೋಸ್ಟ್ ಗಾರ್ಡ್‌ನ ವಿಕ್ರಮ್ ಹಡಗು ಜೊತೇಲಿ ಬಂದು ಮುಂಬೈ ಸೇರಿಸ್ತು. ಆಕಾಶದಿಂದ ಬರೋ ಡ್ರೋನ್ ಏಣಿ ಹತ್ತಲ್ಲ, ಪುಸ್ತಕದಲ್ಲಿ ಸಹಿ ಹಾಕಲ್ಲ.

ಕಾಮರ್ಸಿನೋರು ಇಲ್ಲೊಂದು ನೋಟ್ ಮಾಡ್ಕೊಳ್ಳಿ. ಆ ಚಳಿಗಾಲದಲ್ಲಿ ಕೆಂಪು ಸಮುದ್ರದ ದಾಳಿಗಳಿಗೆ ಹೆದರಿ ತುಂಬಾ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋದ್ವು. ಹತ್ತು ಹದಿನೈದು ದಿನ ಜಾಸ್ತಿ. ಬಾಡಿಗೆ ಏರ್ತು, ಇನ್ಶೂರೆನ್ಸ್ ಏರ್ತು. ಚಿಕ್ಕಮಗಳೂರು, ಕೊಡಗಿನ ಕಾಫಿ ಇಟಲಿ, ಜರ್ಮನಿಗೆ ಹೋಗೋದು ಇದೇ ದಾರೀಲಿ. ಎಲ್ಲೋ ಯೆಮೆನ್‌ನಲ್ಲಿ ಹಾರಿದ ಮಿಸೈಲಿನ ಖರ್ಚು ಬಾಳೆಹೊನ್ನೂರಿನ ಪ್ಲಾಂಟರ್ ಲೆಕ್ಕದ ಪುಸ್ತಕಕ್ಕೂ ಬರತ್ತೆ.

(7/9)

ಈಗ ರೂಲಿನ ಹೊರಗಿರೋರ ಬಗ್ಗೆ.

500 ಟನ್ನೇಜ್ ಅಂತ ಅಂದ್ನಲ್ಲ, ಅದರ ಕೆಳಗಿರೋ ಬೋಟುಗಳು ಈ ಕೋಡಿನ ಲೆಕ್ಕಕ್ಕೆ ಇಲ್ಲ. ಮೀನು ಹಿಡಿಯೋ ದೋಣಿಗಳಂತೂ ಇಲ್ವೇ ಇಲ್ಲ. ಕೋಡ್ ಜಾರಿಯಾಗಿ ನಾಲ್ಕು ವರ್ಷಕ್ಕೆ, 2008ರ ನವೆಂಬರ್ 26ಕ್ಕೆ, ಮುಂಬೈಗೆ ಬಂದೋರು ಬಳಸಿದ್ದು ಅದನ್ನೇ. ಕುಬೇರ್ ಅನ್ನೋ ಪೋರಬಂದರಿನ ಮೀನುಗಾರಿಕಾ ಬೋಟನ್ನ ವಶ ಮಾಡ್ಕೊಂಡು, ಅದರಲ್ಲಿದ್ದೋರನ್ನ ಕೊಂದು, ಕೊನೆಗೆ ಗಾಳಿ ತುಂಬಿದ ರಬ್ಬರ್ ದೋಣೀಲಿ ದಡಕ್ಕೆ ಬಂದ್ರು. ದೊಡ್ಡ ಬಂದರುಗಳ ಬೇಲಿ, ಕ್ಯಾಮೆರಾ ಎಲ್ಲಾ ಅವತ್ತೂ ಇತ್ತು. ಅವರು ಇಳಿದಿದ್ದು ಮೀನುಗಾರರ ಕಾಲೊನಿಯಲ್ಲಿ, ಮೊದ್ಲು ಕಂಡೋರೂ ಅಲ್ಲಿನವರೇ.

ಆಮೇಲೆ ಕರಾವಳಿ ಕಾವಲು ಬಿಗಿಯಾಯ್ತು. ನಮ್ಮಲ್ಲಿ ಮಂಗಳೂರಿಂದ ಕಾರವಾರದ ತನಕ ಸುಮಾರು 320 ಕಿ.ಮೀ. ಕಡಲತೀರಕ್ಕೆ ಕರಾವಳಿ ಕಾವಲು ಪೊಲೀಸರ ಒಂಬತ್ತು ಠಾಣೆಗಳಿವೆ, ಕೇಂದ್ರ ಕಚೇರಿ ಮಲ್ಪೆಯಲ್ಲಿ. ಮೀನುಗಾರರಿಗೆ ಗುರುತಿನ ಕಾರ್ಡ್ ಬಂತು. ಸಾಗರ್ ಕವಚ್ ಅನ್ನೋ ಅಣಕು ಕಾರ್ಯಾಚರಣೆ ಶುರುವಾಯ್ತು. ಪೊಲೀಸರೇ ಒಂದು ತಂಡವಾಗಿ ಉಗ್ರರ ಥರ ಬೋಟಲ್ಲಿ ನುಸುಳೋಕೆ ನೋಡ್ತಾರೆ, ಇನ್ನೊಂದು ತಂಡ ಹಿಡೀಬೇಕು. ಇದು ನಂಗೆ ಹಿಡಿಸಿದ ವಿಷಯ. ಇದರಲ್ಲಿ ಸೋತ್ರೂ ಕಲಿಯೋದಿದೆ.

ಆದ್ರೆ ಮೀನುಗಾರರ ಕಡೆಯಿಂದ ಒಂದ್ಸಲ ನೋಡಿ. 2018ರ ಡಿಸೆಂಬರಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಜನರ ಸಮೇತ ಕಾಣೆಯಾಯ್ತು. ಹೆದ್ದಾರಿ ತಡೆದು ಪ್ರತಿಭಟನೆ ಮಾಡ್ಬೇಕಾಯ್ತು. ತಿಂಗಳುಗಟ್ಟಲೆ ಕಾದ್ರು, ಅಪಹರಣ ಆಗಿರ್ಬಹುದು ಅಂತ ಕೂಡ ಆಸೆ ಇಟ್ಕೊಂಡ್ರು. ಹೌದು, ಆಸೆ, ಯಾಕಂದ್ರೆ ಅಪಹರಣ ಆಗಿದ್ರೆ ಬದುಕಿರ್ತಾರೆ. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಹತ್ರ ಸಮುದ್ರದಾಳದಲ್ಲಿ ಐಎನ್‌ಎಸ್ ನಿರೀಕ್ಷಕ್ ಅದರ ಅವಶೇಷ ಪತ್ತೆ ಮಾಡ್ತು. ಆ ಏಳು ಮನೆಗಳಿಗೆ "ಭದ್ರತೆ" ಅಂದ್ರೆ ಏನು? ಕಾರ್ಡ್ ತೋರಿಸು ಅಂತ ಕೇಳೋದು ಮಾತ್ರಾನಾ, ಕಾಣೆಯಾದ ದಿನವೇ ಹುಡುಕೋದೂ ಹೌದಾ?

ಇನ್ನೊಂದು ಹೇಳ್ದೆ ಇರೋಕಾಗಲ್ಲ. 2012ರ ಫೆಬ್ರವರಿ 15. ಕೇರಳ ತೀರದ ಆಚೆ ಎನ್ರಿಕಾ ಲೆಕ್ಸಿ ಅನ್ನೋ ಇಟಲಿ ತೈಲ ಹಡಗಲ್ಲಿ ಕಡಲ್ಗಳ್ಳರಿಂದ ಕಾಪಾಡೋಕೆ ಅಂತ ಇಟಲಿ ಸೈನಿಕರಿದ್ರು. ಸೇಂಟ್ ಆಂಟನಿ ಅನ್ನೋ ಮೀನು ಬೋಟನ್ನ ಕಡಲ್ಗಳ್ಳರದ್ದು ಅಂದ್ಕೊಂಡು ಗುಂಡು ಹಾರಿಸಿದ್ರು. ಇಬ್ಬರು ಮೀನುಗಾರರು ಸತ್ತರು. ಕೇಸು ಅಂತರರಾಷ್ಟ್ರೀಯ ನ್ಯಾಯಮಂಡಳಿವರೆಗೆ ಹೋಗಿ, 10 ಕೋಟಿ ಪರಿಹಾರ ಕೊಟ್ಟ ಮೇಲೆ 2021ರಲ್ಲಿ ಸುಪ್ರೀಂ ಕೋರ್ಟ್ ಮುಗಿಸ್ತು. ಹಡಗಿನ ಮೇಲಿಂದ ನೋಡಿದ್ರೆ ಸಣ್ಣ ಬೋಟೆಲ್ಲಾ ಒಂದೇ ಥರ ಕಾಣತ್ತೆ ಅಂತ ಅಣ್ಣನೂ ಹೇಳ್ತಾನೆ. ಅದಕ್ಕೇ ಅಲ್ವಾ ಅಲ್ಲಿ ನಿಂತೋನಿಗೆ ನಿದ್ದೆಯೂ ತರಬೇತಿಯೂ ಬೇಕಾಗೋದು.

(8/9)

ಇದು ಸಣ್ಣ ಭಾಗ. ಆದ್ರೆ ನಂಗೆ ಜಾಸ್ತಿ ಸಿಟ್ಟು ಬಂದಿದ್ದು ಇಲ್ಲೇ.

ಕಳೆದ ದೀಪಾವಳಿಗೆ ಅಣ್ಣ ವಿಡಿಯೋ ಕಾಲ್ ಮಾಡಿದ್ದ. ಅವನ ಹಿಂದೆ ಯಾವುದೋ ದೊಡ್ಡ ಊರಿನ ದೀಪಗಳು. "ಕೆಳಗಿಳಿದು ಸುತ್ತಾಡ್ಕೊಂಡು ಬಾರಣ್ಣ" ಅಂದೆ. "ಬಿಡಲ್ಲ ಕಣೇ, ಸೆಕ್ಯುರಿಟಿ." ಟರ್ಮಿನಲ್ ಒಳಗೆ ನಡೆದು ಹೋಗೋ ಹಾಗಿಲ್ಲ, ಗೇಟಿನವರೆಗೆ ಅವರ ವ್ಯಾನಲ್ಲೇ ಹೋಗ್ಬೇಕು, ವ್ಯಾನ್ ಬರೋಕೆ ಅನುಮತಿ ಬೇಕು, ಅನುಮತಿ ಬರೋಷ್ಟರಲ್ಲಿ ಹಡಗು ಹೊರಡೋ ಟೈಮು. ನಾಲ್ಕು ತಿಂಗಳಿಂದ ಅವನು ಮಣ್ಣು ಮೆಟ್ಟಿರಲಿಲ್ಲ.

ತಮಾಷೆ ಏನಂದ್ರೆ ಇದೇ ಕೋಡಿನ ಪೀಠಿಕೆಯಲ್ಲೇ ಬರೆದಿದ್ದಾರೆ: ಹಡಗಲ್ಲಿ ಬದುಕೋ, ದುಡಿಯೋ ಜನರಿಗೆ ದಡಕ್ಕೆ ಇಳಿಯೋ ಅವಕಾಶ ಬೇಕು ಅನ್ನೋದನ್ನ ಬಂದರಿನ ಪ್ಲಾನ್ ಒಪ್ಪೋವಾಗ ದೇಶಗಳು ಗಮನದಲ್ಲಿಡಬೇಕು ಅಂತ. ಅಂದ್ರೆ ರೂಲ್ ಮಾಡಿದೋರಿಗೇ ಈ ಅಪಾಯ ಗೊತ್ತಿತ್ತು. ಆದ್ರೆ ಬೇಲಿ ಹಾಕೋ ಸಾಲು ಜಾರಿಯಾದಷ್ಟು ಬೇಗ ಈ ಸಾಲು ಜಾರಿಯಾಗಲ್ಲ. ಏಣಿ ಮೇಲೆ ನಿಂತಾಗ ಅವನು ಹಡಗಿನ ಕಾವಲುಗಾರ. ಅದೇ ಏಣಿ ಇಳಿದ ಕೂಡ್ಲೇ ಅವನೇ ಅನುಮಾನದ ಮನುಷ್ಯ. ಒಬ್ಬನನ್ನ ಎರಡೂ ಮಾಡೋಕಾಗತ್ತಾ? ನೀವೇ ಹೇಳಿ.

(9/9)

ಹಾಗಾದ್ರೆ ನಿಂಗೇನ್ ಬೇಕು ಅಂತ ಕಮೆಂಟಲ್ಲಿ ಕೇಳೋ ಮೊದ್ಲು ಹೇಳ್ಬಿಡ್ತೀನಿ.

ಏಣಿ ಕಾಯೋನು "ಐಡಿ ಇಲ್ದೆ ಒಳಗೆ ಬಿಡಲ್ಲ" ಅಂದಾಗ ಕ್ಯಾಪ್ಟನ್ ಅವನ ಪರ ನಿಲ್ಲಬೇಕು, ಆ ಮಾತು ಬರಹದಲ್ಲಿ ಏಣಿ ಪಕ್ಕದಲ್ಲೇ ನೇತಾಡ್ಬೇಕು. ಡ್ರಿಲ್ ಹೇಳ್ದೆ ಕೇಳ್ದೆ ಆಗ್ಬೇಕು. ಅದರಲ್ಲಿ ಸೋತ ಹಡಗಿಗೆ ದಂಡಕ್ಕಿಂತ ಮೊದ್ಲು ಇನ್ನೊಬ್ಬ ಮನುಷ್ಯನನ್ನ ಕೊಡ್ಬೇಕು, ಯಾಕಂದ್ರೆ ತಪ್ಪು ಸಾಮಾನ್ಯವಾಗಿ ನಿದ್ದೆಯದ್ದು. ಮಲ್ಪೆ, ಗಂಗೊಳ್ಳಿ, ಕಾರವಾರದ ಮೀನುಗಾರರು 1093ಕ್ಕೋ ಕೋಸ್ಟ್ ಗಾರ್ಡ್‌ನ 1554ಕ್ಕೋ ಫೋನ್ ಮಾಡಿದ್ರೆ, ಆಮೇಲೆ ಏನಾಯ್ತು ಅಂತ ಅವರಿಗೆ ವಾಪಸ್ ಹೇಳೋ ಪದ್ಧತಿ ಬರ್ಬೇಕು. ಇಲ್ದಿದ್ರೆ ಎರಡನೇ ಸಲ ಯಾರು ಮಾಡ್ತಾರೆ? ಇದಕ್ಕೆಲ್ಲ ಹೊಸ ಕೋಡ್ ಬೇಡ. ಖರ್ಚು ಬರತ್ತೆ, ಗೊತ್ತು. ಇನ್‌ವಾಯ್ಸಿನ ಆ ಲೈನ್ ಇನ್ನೂ ಹತ್ತು ರೂಪಾಯಿ ಜಾಸ್ತಿ ಆಗ್ಲಿ. ನಾನೇ ಟೈಪ್ ಮಾಡ್ತೀನಿ.

ಇಂಟರ್ನ್‌ಶಿಪ್ ರಿಪೋರ್ಟಲ್ಲಿ ಇದನ್ನೇ ಒಂದು ಚಾಪ್ಟರ್ ಮಾಡಿದ್ದೆ. "ಅಕೌಂಟ್ಸ್‌ಗೆ ಸಂಬಂಧ ಇಲ್ಲ" ಅಂತ ಕೆಂಪು ಪೆನ್ನಲ್ಲಿ ಗೆರೆ ಹೊಡೆದು ವಾಪಸ್ ಬಂತು. ಅದಕ್ಕೇ ಇಲ್ಲಿ ಹಾಕ್ತಿದ್ದೀನಿ.

ಹಾಕೋ ಮೊದ್ಲು ಅಪ್ಪನಿಗೆ ಓದಿ ಹೇಳ್ದೆ. ಡ್ಯೂಟಿಗೆ ಹೊರಡ್ತಾ ಶೂ ಲೇಸ್ ಕಟ್ಕೊಳ್ತಿದ್ರು. ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದ್ರು: "ಅಲ್ಲಿ ಅವನಿಗೆ ಕೂರೋಕೆ ಚೇರ್ ಕೊಡ್ತಾರಾ?"

ಅಣ್ಣನಿಗೆ ಮೆಸೇಜ್ ಹಾಕ್ದೆ. ಮೂರು ದಿನ ಆದ್ಮೇಲೆ, ನೆಟ್‌ವರ್ಕ್ ಸಿಕ್ಕಾಗ, ಉತ್ತರ ಬಂತು.

"ಇಲ್ಲ. ಚೇರ್ ಕೊಟ್ರೆ ನಿದ್ದೆ ಮಾಡ್ತೀವಂತೆ."

ಅಪ್ಪನಿಗೆ ತೋರಿಸ್ದೆ. ನಕ್ಕು, ಟಾರ್ಚ್ ತಗೊಂಡು, "ನಮ್ಗೂ ಅದನ್ನೇ ಹೇಳೋದು" ಅಂತ ಗೇಟ್ ತೆಗೆದು ಹೊರಟ್ರು.

#ಹುಣಸಮಾರನಹಳ್ಳಿ #ಬಿಕಾಂ_ಡೈರಿ #ಹಡಗಿನ_ಬಿಲ್ #ನೈಟ್_ಡ್ಯೂಟಿ